ಹುಡುಕಿಕೊಂಡು ಬರುವ ಆ ಒಬ್ಬರಿಗಾಗಿ

(ಬೇರೆ ಬೇರೆ ವೃತ್ತಿಯವರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಅವತ್ತು ಗಡಿಬಿಡಿಯಲ್ಲಿ ಬಿಟ್ಟುಹೋದ ಒಂದೆರಡು ಸಂಗತಿಯನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಯೋಜಕರು ಈಗಷ್ಟೇ ನನ್ನನ್ನು "ಸೋಶಿಯಲ್ ಮೀಡಿಯಾ ಪರಿಣತ" ಅಂತ ಕರೆದಾಗ, ಬೇರೆ ಯಾರೋ ಬಂದಿರಬೇಕು ಅಂತ ಹಿಂದೆ ತಿರುಗಿ ನೋಡಿದೆ. ನನಗೆ ಲಕ್ಷಗಟ್ಟಲೆ ಫಾಲೋವರ್‌ಗಳಿಲ್ಲ. ಮೂರು ಸಾವಿರದ ಚಿಲ್ಲರೆ ಜನ ಇದ್ದಾರೆ, ಅವರಲ್ಲೂ ಅರ್ಧ ಮಂದಿಗೆ ತಾವು ಯಾಕೆ ಬಂದೆವು ಅನ್ನುವುದು ನೆನಪಿರಲಿಕ್ಕಿಲ್ಲ. ನಾನು ಮೆಂಟೆನೆನ್ಸ್ ಇಂಜಿನಿಯರ್. ಪಂಪು, ಮೋಟಾರು, ಗೇರ್‌ಬಾಕ್ಸು ಕೆಟ್ಟರೆ ನನಗೆ ಫೋನ್ ಬರುತ್ತದೆ. ಕೆಡದೆ ನಡೆಯುತ್ತಿದ್ದರೆ ಇಂಥವನೊಬ್ಬ ಇದ್ದಾನೆ ಅನ್ನುವುದೇ ಯಾರಿಗೂ ಹೊಳೆಯುವುದಿಲ್ಲ. ಇಲ್ಲಿರುವ ಬಹಳಷ್ಟು ಜನರ ಕೆಲಸವೂ ಹಾಗೇ ಅಂತ ನನ್ನ ಅಂದಾಜು.

ಒಂದು ಮೋಟಾರಿನ ಕಥೆಯಿಂದ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಒಂದು ಮೋಟಾರಿನ ಬೇರಿಂಗ್ ಎಂಟು ತಿಂಗಳಲ್ಲಿ ಮೂರು ಸಲ ಹೋಯಿತು. ಮೊದಲ ಸಲ ಗ್ರೀಸಿನ ಮೇಲೆ ಹಾಕಿದೆವು. ಎರಡನೇ ಸಲ ಅಲೈನ್‌ಮೆಂಟ್ ಸರಿಯಿಲ್ಲ ಅಂದೆವು. ಮೂರನೇ ಸಲ ಬೈಯಲು ಯಾರೂ ಉಳಿದಿರಲಿಲ್ಲವಾದ್ದರಿಂದ ಬೇರಿಂಗನ್ನೇ ಕತ್ತರಿಸಿ ನೋಡಿದೆ. ಹೊರಗಿನ ರೇಸನ್ನು, ಅಂದರೆ ಒಳಗಿನ ಗುಂಡುಗಳು ಉರುಳುವ ಉಕ್ಕಿನ ಬಳೆಯನ್ನು, ಬೆಳಕಿಗೆ ಹಿಡಿದರೆ, ಒಳಮೈ ತುಂಬ ಅಲೆಅಲೆ ತಗಡಿನ ಹಾಗೆ ಸಾಲುಸಾಲು ಪಟ್ಟೆ, ಅಳೆದು ಗೆರೆ ಹಾಕಿದಷ್ಟು ಸಮ ಅಂತರದಲ್ಲಿ. ಉಜ್ಜಿ ಸವೆದರೆ ಹಾಗೆ ಆಗುವುದಿಲ್ಲ. ವೇಗ ಹೆಚ್ಚುಕಡಿಮೆ ಮಾಡುವ ಡ್ರೈವ್ ಹಾಕಿದ ಮೋಟಾರುಗಳಲ್ಲಿ ಶಾಫ್ಟಿನ ಮೇಲೆ ವೋಲ್ಟೇಜ್ ಏರುತ್ತದೆ. ಅದು ಇಳಿಯಲು ದಾರಿ ಹುಡುಕಿ ಬೇರಿಂಗಿನ ಗ್ರೀಸ್ ಪದರವನ್ನೇ ಸೀಳಿಕೊಂಡು ಹೋಗುತ್ತದೆ. ಒಂದೊಂದು ಕಿಡಿಗೂ ಉಕ್ಕಿನಲ್ಲಿ ಬರಿಗಣ್ಣಿಗೆ ಕಾಣದ ಒಂದೊಂದು ಗುಳಿ. ಮೋಟಾರು ತಿರುಗುತ್ತಾ ತಿರುಗುತ್ತಾ ಆ ಗುಳಿಗಳೆಲ್ಲ ಸೇರಿ ಪಟ್ಟೆಯಾಗುತ್ತವೆ. ಶಾಫ್ಟಿಗೆ ತಾಗುವ ಸಣ್ಣ ಎಳೆಗಳ ಮೂಲಕ ವೋಲ್ಟೇಜನ್ನು ನೆಲಕ್ಕಿಳಿಸುವ ಒಂದು ಅರ್ಥಿಂಗ್ ಉಂಗುರ, ಇನ್ನೊಂದು ತುದಿಗೆ ವಿದ್ಯುತ್ ಹಾಯಲು ಬಿಡದ ಇನ್ಸುಲೇಟೆಡ್ ಬೇರಿಂಗ್ ಹಾಕಿದ ಮೇಲೆ ತೊಂದರೆ ನಿಂತಿತು.

ಆ ರೇಸಿನ ಫೋಟೋ ತೆಗೆದು, ಕೆಳಗೆ ಹದಿನಾಲ್ಕು ಸಾಲು ಬರೆದು ಲಿಂಕ್ಡ್‌ಇನ್‌ನಲ್ಲಿ ಹಾಕಿದೆ. ಹನ್ನೊಂದು ಲೈಕ್ ಬಂತು, ಅದರಲ್ಲಿ ಎರಡು ನಮ್ಮ ಮನೆಯವರದ್ದು. ಅದೇ ಬರಹವನ್ನು ನನ್ನದೇ ಒಂದು ಪುಟ್ಟ ವೆಬ್‌ಸೈಟಿಗೂ ಹಾಕಿ ಮರೆತುಬಿಟ್ಟೆ.

ಎರಡು ವರ್ಷ ಕಳೆದು ಒಂದು ರಾತ್ರಿ ಮೆಸೇಜ್ ಬಂತು. ನನಗೆ ಗೊತ್ತೇ ಇಲ್ಲದ ಒಬ್ಬ ಇಂಜಿನಿಯರ್. "ಸರ್, ನಿಮ್ಮ ಫೋಟೋದಲ್ಲಿರುವ ಪಟ್ಟೆಯೇ ನಮ್ಮದರಲ್ಲೂ ಇದೆ. ನಾಲ್ಕನೇ ಬೇರಿಂಗ್ ಇದು. ಎರಡು ನಿಮಿಷ ಮಾತಾಡಬಹುದಾ?" ಎರಡು ನಿಮಿಷ ಅಂದದ್ದು ಒಂದು ಗಂಟೆಯಾಯಿತು. ಆರು ತಿಂಗಳ ನಂತರ ಅವರು ನನ್ನ ಹೆಸರನ್ನು ಇನ್ನೊಬ್ಬರ ಕಿವಿಗೆ ಹಾಕಿದರು. ಇವತ್ತು ನಾನು ಮಾಡುತ್ತಿರುವ ಕೆಲಸ ಆ ಇನ್ನೊಬ್ಬರ ಮೂಲಕ ಬಂದದ್ದು.

ಇದನ್ನು ಅದೃಷ್ಟ ಅಂದುಬಿಡಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಇದರ ಬಗ್ಗೆ ಸಮಾಜಶಾಸ್ತ್ರಜ್ಞರು ಐವತ್ತು ವರ್ಷದಿಂದ ಬರೆಯುತ್ತಲೇ ಇದ್ದಾರೆ. 1973ರಲ್ಲಿ ಮಾರ್ಕ್ ಗ್ರಾನೊವೆಟರ್ ಅನ್ನುವವರು ಒಂದು ಲೇಖನ ಪ್ರಕಟಿಸಿದರು. ಪರಿಚಯದವರ ಮೂಲಕ ಕೆಲಸ ಹಿಡಿದ ಜನರನ್ನು ಹುಡುಕಿ, ಆ ಸುದ್ದಿ ಕೊಟ್ಟವರನ್ನು ನೀವು ಆಗ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಅಂತ ಕೇಳಿದ್ದರು. ಸಮೀಕ್ಷೆ ಸಣ್ಣದು. ಆದರೆ ಉತ್ತರ ನೋಡಿ: ಪದೇಪದೇ ಭೇಟಿಯಾಗುವವರಿಂದ ಸುದ್ದಿ ಸಿಕ್ಕಿದ್ದು ಶೇಕಡಾ 16.7 ಮಂದಿಗೆ ಮಾತ್ರ. ಆಗೊಮ್ಮೆ ಈಗೊಮ್ಮೆ ಕಾಣುವವರಿಂದ ಶೇಕಡಾ 55.6. ಅಪರೂಪಕ್ಕೆ ಕಾಣುವವರಿಂದ ಶೇಕಡಾ 27.8. ಆಪ್ತ ಗೆಳೆಯರಿಗೆ ನಮ್ಮ ಮೇಲೆ ಪ್ರೀತಿ ಕಡಿಮೆ ಅಂತಲ್ಲ. ನಮಗೆ ಗೊತ್ತಿರುವುದೇ ಅವರಿಗೂ ಗೊತ್ತಿರುತ್ತದೆ, ಅಷ್ಟೇ. ಹೊಸ ಸುದ್ದಿ ಬರುವುದು ನಮ್ಮ ವಲಯದ ಆಚೆ ಕಾಲಿಟ್ಟಿರುವವರಿಂದ.

2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇದೇ ಪ್ರಶ್ನೆ ಮತ್ತೆ ಬಂತು. ಈ ಸಲ ಲಿಂಕ್ಡ್‌ಇನ್‌ನ ಎರಡು ಕೋಟಿ ಸದಸ್ಯರ ಮೇಲೆ ಐದು ವರ್ಷಗಳ ಕಾಲ ನಡೆದ ಪ್ರಯೋಗ. "ಇವರು ನಿಮಗೆ ಗೊತ್ತಿರಬಹುದು" ಅಂತ ತೋರಿಸುತ್ತಾರಲ್ಲ, ಆ ಪಟ್ಟಿಯನ್ನು ಒಬ್ಬೊಬ್ಬರಿಗೆ ಒಂದೊಂದು ತರಹ ಬದಲಿಸಿ ನೋಡಿದ್ದರು. ತೀರ ಆಪ್ತರಿಗಿಂತ ದೂರದ ಪರಿಚಯವೇ ಕೆಲಸ ಬದಲಿಸಲು ಹೆಚ್ಚು ನೆರವಾಗಿತ್ತು. ಹಾಗಂತ ಸಿಕ್ಕಸಿಕ್ಕವರಿಗೆಲ್ಲ ರಿಕ್ವೆಸ್ಟ್ ಕಳಿಸಲು ಹೋಗಬೇಡಿ, ಹೆಸರು ಬಿಟ್ಟರೆ ಬೇರೇನೂ ಗೊತ್ತಿಲ್ಲದಷ್ಟು ದೂರದ ಪರಿಚಯದಿಂದ ಲಾಭ ಮತ್ತೆ ಇಳಿಯುತ್ತದೆ ಅನ್ನುವುದೂ ಅದರಲ್ಲೇ ಇತ್ತು. (ಆ ಎರಡು ಕೋಟಿ ಜನರಿಗೆ "ನಿಮ್ಮ ಮೇಲೆ ಪ್ರಯೋಗ ನಡೆಯುತ್ತಿದೆ" ಅಂತ ಯಾರೂ ಬಿಡಿಬಿಡಿಯಾಗಿ ಹೇಳಿರಲಿಲ್ಲ. ಯಾರ ಅಂಗಳದಲ್ಲಿ ಕೂತು ಮಾತಾಡುತ್ತಿದ್ದೇವೆ ಅನ್ನುವುದು ನೆನಪಿರಲಿ.)

ಹಾಗಾಗಿ ನಾನು ಹೇಳಬೇಕೆಂದು ಬಂದದ್ದು ಒಂದೇ. ಸೋಶಿಯಲ್ ಮೀಡಿಯಾದಲ್ಲಿ ಇರಬೇಕು ಅಂದರೆ ಜನ ಸೇರಿಸಬೇಕು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ದುಡಿಯುವ ಮನುಷ್ಯನಿಗೆ ಬೇಕಾದದ್ದು ಜನಸಂದಣಿಯಲ್ಲ. ಕಷ್ಟದಲ್ಲಿ ಸಿಕ್ಕಿಕೊಂಡು ರಾತ್ರಿ ಹನ್ನೊಂದಕ್ಕೆ ಏನೋ ಹುಡುಕುತ್ತಿರುವ ಒಬ್ಬರು ಇರುತ್ತಾರಲ್ಲ, ಅವರ ಕಣ್ಣಿಗೆ ನಾವು ಬೀಳಬೇಕು.

ಹಾಗಂತ ಅಂದುಕೊಂಡರೆ ಬರೆಯುವ ರೀತಿಯೇ ಬದಲಾಗುತ್ತದೆ. ನನ್ನ ಆ ಬರಹಕ್ಕೆ ನಾನು ಮೊದಲು ಕೊಟ್ಟಿದ್ದ ತಲೆಬರಹ "ಬೇರಿಂಗ್‌ಗಳಲ್ಲಿ ವಿದ್ಯುತ್ ಸವೆತದ ಮೂಲಕಾರಣ ವಿಶ್ಲೇಷಣೆ". ಕೇಳಲು ಎಷ್ಟು ಗಂಭೀರ! ಆದರೆ ವಿದ್ಯುತ್ ಸವೆತ ಅನ್ನುವ ಹೆಸರು ಗೊತ್ತಿದ್ದವರು ಹುಡುಕುವುದೇ ಇಲ್ಲ, ಅವರ ಅರ್ಧ ಸಮಸ್ಯೆ ಆಗಲೇ ಬಗೆಹರಿದಿರುತ್ತದೆ. ಹುಡುಕುವವರಿಗೆ ಗೊತ್ತಿರುವುದು ರೋಗದ ಹೆಸರಲ್ಲ, ನೋವು. ಹಾಗಾಗಿ ವೆಬ್‌ಸೈಟಿಗೆ ಹಾಕುವಾಗ "ಗ್ರೀಸ್ ಬದಲಿಸಿದರೂ ಮೋಟಾರ್ ಬೇರಿಂಗ್ ಪದೇಪದೇ ಹೋಗುತ್ತಿದೆಯಾ?" ಅಂತ ಮಾಡಿದೆ. ಆ ಇಂಜಿನಿಯರ್ ಹೆಚ್ಚುಕಡಿಮೆ ಅದನ್ನೇ ಟೈಪ್ ಮಾಡಿ ನನ್ನ ಪುಟಕ್ಕೆ ಬಂದಿದ್ದರು.

ನಿಮ್ಮ ನಿಮ್ಮ ಕೆಲಸದಲ್ಲೂ ಇದು ಇದೆ. ಲೆಕ್ಕ ನೋಡುವವರ ಹತ್ತಿರ ಜನ "ದುಡಿಯುವ ಬಂಡವಾಳದ ನಿರ್ವಹಣೆ" ಕೇಳಿಕೊಂಡು ಬರುವುದಿಲ್ಲ. "ಪುಸ್ತಕದಲ್ಲಿ ಲಾಭ ತೋರಿಸುತ್ತಿದೆ, ಬ್ಯಾಂಕಿನಲ್ಲಿ ದುಡ್ಡಿಲ್ಲ, ಎಲ್ಲಿ ಹೋಯಿತು?" ಅಂತ ಬರುತ್ತಾರೆ. ಮಕ್ಕಳಿಗೆ ಗಣಿತ ಕಲಿಸುವವರಿಗೆ ಗೊತ್ತು, ನಾಲ್ಕಕ್ಕಿಂತ ಎಂಟು ದೊಡ್ಡದು, ಹಾಗಾಗಿ ಕಾಲುಭಾಗಕ್ಕಿಂತ ಎಂಟನೇ ಒಂದು ಭಾಗ ದೊಡ್ಡದು ಅಂತ ತರಗತಿಯಲ್ಲಿ ಕೆಲವು ಮಕ್ಕಳಾದರೂ ಹೇಳುತ್ತಾರೆ. ಅವರಿಗೆ ನೀವು ಏನು ತೋರಿಸಿ ಬಿಡಿಸಿದಿರಿ ಅನ್ನುವುದನ್ನು ಬರೆಯಿರಿ. ಫಿಸಿಯೋಥೆರಪಿ ಮಾಡುವವರು ಭುಜದ ನೋವಿನ ಮೂಲ ಕೆಲವೊಮ್ಮೆ ಕುತ್ತಿಗೆಯಲ್ಲಿರುತ್ತದೆ ಅನ್ನುವುದನ್ನು ಹತ್ತು ಸಾಲಿನಲ್ಲಿ ಹೇಳಿದರೆ, ಅದು ನಿಮ್ಮ ಪದವಿಗಳ ಪಟ್ಟಿಗಿಂತ ಹೆಚ್ಚು ಮಾತಾಡುತ್ತದೆ.

"ನಾನಿನ್ನೂ ಅಷ್ಟು ದೊಡ್ಡವನಲ್ಲ, ಬರೆಯಲು ನನ್ನಲ್ಲಿ ಏನಿದೆ" ಅನ್ನುವವರಿಗೆ ಒಂದು ಹಳೆಯ ಪೋಸ್ಟ್ ನೆನಪಿಸುತ್ತೇನೆ. 1991ರ ಆಗಸ್ಟ್ 25ರಂದು 21 ವರ್ಷದ ಒಬ್ಬ ವಿದ್ಯಾರ್ಥಿ ಒಂದು ಚರ್ಚಾಗುಂಪಿನಲ್ಲಿ, ನಾನೊಂದು ಆಪರೇಟಿಂಗ್ ಸಿಸ್ಟಮ್ ಮಾಡುತ್ತಿದ್ದೇನೆ, ಹವ್ಯಾಸಕ್ಕೆ ಅಷ್ಟೇ, ದೊಡ್ಡದೇನಲ್ಲ ಅಂತ ಬರೆದ. ಆಗಲೇ ಇದ್ದ ಮಿನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ನಲ್ಲಿ ನಿಮಗೆ ಏನು ಇಷ್ಟ, ಏನು ಇಷ್ಟವಿಲ್ಲ ಹೇಳಿ ಅಂತ ಕೇಳಿದ. ಹುಡುಗನ ಹೆಸರು ಲೀನಸ್ ಟೊರ್ವಾಲ್ಡ್ಸ್, ಅದು ಇವತ್ತು ಜಗತ್ತೇ ಬಳಸುವ ಲಿನಕ್ಸ್ ಆಯಿತು. ನಾವು ಬರೆದದ್ದೆಲ್ಲ ಲಿನಕ್ಸ್ ಆಗುವುದಿಲ್ಲ ಬಿಡಿ. ಆದರೆ ಆ ಪೋಸ್ಟಿನ ಧಾಟಿ ನೋಡಿ: ಏನು ಮಾಡುತ್ತಿದ್ದೇನೆ, ಎಲ್ಲಿಯವರೆಗೆ ಬಂದಿದೆ, ನಿಮ್ಮಿಂದ ಏನು ಬೇಕು. ಜಂಬವೂ ಇಲ್ಲ, ಸಂಕೋಚವೂ ಇಲ್ಲ.

ಇದಕ್ಕೆ ತದ್ವಿರುದ್ಧದ ದಾರಿ ಒಂದಿದೆ, ನಾನು ಅದರಲ್ಲೂ ಆರು ತಿಂಗಳು ನಡೆದಿದ್ದೇನೆ. 1997ರಲ್ಲಿ ಮ್ಯಾನೇಜ್‌ಮೆಂಟ್ ಬಗ್ಗೆ ಬರೆಯುವ ಟಾಮ್ ಪೀಟರ್ಸ್ ಒಂದು ಪತ್ರಿಕೆಯಲ್ಲಿ ಪ್ರತಿಯೊಬ್ಬರೂ ತಾವೇ ಒಂದು ಬ್ರ್ಯಾಂಡ್ ಅಂತ ಬರೆದ ಮೇಲೆ ಆ ಮಾತು ನಿಂತೇ ಇಲ್ಲ. ನನಗೆ ಅದು ಒಗ್ಗುವುದಿಲ್ಲ. ಸೋಪು ಇವತ್ತೂ ನಾಳೆಯೂ ಒಂದೇ ತರಹ ಇರಬೇಕು, ಅದಕ್ಕೇ ಅದಕ್ಕೆ ಬ್ರ್ಯಾಂಡ್ ಬೇಕು. ಕೆಲಸ ಕಲಿಯುತ್ತಾ ಹೋಗುವ ಮನುಷ್ಯ ಹೋದ ವರ್ಷ ಹೇಳಿದ್ದು ತಪ್ಪು ಅಂತ ಈ ವರ್ಷ ಹೇಳಬೇಕಾಗುತ್ತದೆ. ಇರಲಿ, ನನ್ನ ಆರು ತಿಂಗಳ ವಿಷಯಕ್ಕೆ ಬರುತ್ತೇನೆ. ಆಗ ಲೈಕಿನ ರುಚಿ ಹತ್ತಿತ್ತು. ಒಂದು ಸಾಲು, ಒಂದು ಖಾಲಿ ಜಾಗ, ಇನ್ನೊಂದು ಸಾಲು. "ಅವತ್ತು ನಾನು ಒಂದು ನಿರ್ಧಾರ ಮಾಡಿದೆ" ಅಂತ ಬರೆದು ನಿಲ್ಲಿಸುವುದು, ಮುಂದೇನು ಅಂತ ಓದಲು ಜನ "ಇನ್ನಷ್ಟು" ಒತ್ತಲೇಬೇಕು. "ಗೇರ್‌ಬಾಕ್ಸ್ ನನಗೆ ಕಲಿಸಿದ ಐದು ನಾಯಕತ್ವದ ಪಾಠಗಳು" ಅಂತ ಕೂಡ ಬರೆದೆ, ನಗಬೇಡಿ. ನಾಲ್ಕು ಸಾವಿರ ಲೈಕ್ ಬಂತು. ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಗೇರ್‌ಬಾಕ್ಸ್ ನನಗೆ ಯಾವ ನಾಯಕತ್ವವನ್ನೂ ಕಲಿಸಿಲ್ಲ. ಎಣ್ಣೆ ಮಟ್ಟ ನೋಡು ಅಂತ ಕಲಿಸಿದೆ.

ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹೆಸರಿನಲ್ಲಿ ಒಂದು ನಿಯಮವಿದೆ. ಅಳತೆಯನ್ನೇ ಗುರಿ ಮಾಡಿಕೊಂಡರೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ ಅನ್ನುವುದು ಅದರ ಸಾರ. ಫೇಸ್‌ಬುಕ್ಕಿಗೆ ಲೈಕ್ ಬಟನ್ ಬಂದದ್ದು 2009ರಲ್ಲಿ. ಅಂದಿನಿಂದ ನಾವೆಲ್ಲ ಆ ನಿಯಮಕ್ಕೆ ಉದಾಹರಣೆಯಾಗಿ ಬದುಕುತ್ತಿದ್ದೇವೆ. ಈಗ ನಾನು ಎಣಿಸುವುದು ಬೇರೆ: ಈ ತಿಂಗಳು ಕೆಲಸದ ಪ್ರಶ್ನೆ ಹಿಡಿದುಕೊಂಡು ಎಷ್ಟು ಅಪರಿಚಿತರು ಬಂದರು? ಸಾಮಾನ್ಯವಾಗಿ ಇಬ್ಬರು. ಒಬ್ಬರೂ ಬರದ ತಿಂಗಳೂ ಇದೆ.

ಪ್ರೊಫೈಲ್ ಬಗ್ಗೆ ಬೇಗ ಮುಗಿಸುತ್ತೇನೆ. ಕೆಲಸದಲ್ಲಿ ಜನ ಕರೆಯುವ ಹೆಸರು, ಮುಖ ಕಾಣುವ ಫೋಟೋ, ನಿಜವಾಗಿ ತೆರೆದು ನೋಡುವ ಒಂದು ಇಮೇಲ್. ಹೆಸರಿನ ಕೆಳಗಿನ ಸಾಲಿನಲ್ಲಿ "ಉತ್ಸಾಹಿ", "ಕನಸುಗಾರ" ಬೇಡ, ಯಾರಿಗೆ ಏನು ಮಾಡಿಕೊಡುತ್ತೀರಿ ಅನ್ನುವುದು ಸಾಕು. ಒಂದು ವಿಷಯದಲ್ಲಿ ಮಾತ್ರ ನನ್ನ ಹಟ ಇದೆ. ಇಂಗ್ಲಿಷ್ ಅಕ್ಷರಗಳನ್ನು ದಪ್ಪಗೆ, ಓರೆಯಾಗಿ, ಬಳ್ಳಿಬಳ್ಳಿಯಾಗಿ ಮಾಡಿಕೊಡುವ ವೆಬ್‌ಸೈಟುಗಳಿವೆಯಲ್ಲ, ಅವನ್ನು ಬಳಸಬೇಡಿ. ಅವು ನಿಜವಾದ ಅಕ್ಷರಗಳೇ ಅಲ್ಲ, ಕಂಪ್ಯೂಟರುಗಳು ಬಳಸುವ ಅಕ್ಷರಪಟ್ಟಿಯಾದ ಯುನಿಕೋಡ್‌ನಲ್ಲಿ ಗಣಿತಕ್ಕಾಗಿ ಇಟ್ಟಿರುವ ಚಿಹ್ನೆಗಳು. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಅವನ್ನು ಹಾರಿಸಿಬಿಡಬಹುದು, ಇಲ್ಲವೇ "ಗಣಿತದ ದಪ್ಪ ಎ, ಗಣಿತದ ದಪ್ಪ ಬಿ" ಅಂತ ಒಂದೊಂದಾಗಿ ಓದಬಹುದು. ನಿಮ್ಮ ಹೆಸರನ್ನೇ ಹಾಗೆ ಬರೆದುಕೊಂಡರೆ, ನಿಮ್ಮನ್ನು ಹುಡುಕುವ ಆ ಒಬ್ಬರು ಅಂಥವರೇ ಆಗಿದ್ದರೆ ಏನು ಗತಿ? ಬರಹವನ್ನು ಚಿತ್ರ ಮಾಡಿ ಹಾಕುವವರಿಗೂ ಇದೇ ಮಾತು. ಚಿತ್ರ ಹಾಕಲೇಬೇಕಾದರೆ ಅದರ ವಿವರಣೆ ತುಂಬುವ ಜಾಗದಲ್ಲಿ ಒಂದು ಸಾಲು ಬರೆಯಿರಿ.

ಈಗ ನನಗೆ ಬಿದ್ದ ಪೆಟ್ಟಿನ ವಿಷಯ. ಒಂದು ಪಂಪ್ ರಿಪೇರಿ ಮುಗಿಸಿ ಖುಷಿಯಲ್ಲಿ ಅದರ ಫೋಟೋ ಹಾಕಿದ್ದೆ. ಪಂಪ್ ಚೆನ್ನಾಗಿ ಬಂದಿತ್ತು. ಹಿಂದಿನ ಗೋಡೆಯ ಮೇಲಿದ್ದ ಪರದೆಯೂ ಚೆನ್ನಾಗಿ ಬಂದಿತ್ತು. ಗಿರಾಕಿ ಕಂಪನಿಯ ಹೆಸರು, ಆ ದಿನದ ಉತ್ಪಾದನೆಯ ಅಂಕಿ, ಎಲ್ಲ ದೊಡ್ಡ ಅಕ್ಷರದಲ್ಲಿ. ನಲವತ್ತು ನಿಮಿಷದಲ್ಲಿ ಮ್ಯಾನೇಜರ್ ಫೋನ್ ಮಾಡಿದರು. ಅವರು ಕೂಗಾಡಲಿಲ್ಲ, "ಝೂಮ್ ಮಾಡಿ ನೋಡಿ" ಅಂದರು ಅಷ್ಟೇ. ಕೂಗಾಡಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಅವತ್ತಿನಿಂದ ಫೋಟೋ ಹಾಕುವ ಮೊದಲು ನಾನು ನನ್ನ ಕೆಲಸವನ್ನು ನೋಡುವುದಿಲ್ಲ, ಅದರ ಹಿಂದೆ ಏನಿದೆ ಅಂತ ನಾಲ್ಕು ಮೂಲೆ ನೋಡುತ್ತೇನೆ.

ನಾವು ಮುಚ್ಚಿಟ್ಟಿದ್ದೇವೆ ಅಂದುಕೊಂಡದ್ದು ಎಲ್ಲೆಲ್ಲಿಂದಲೋ ಇಣುಕುತ್ತದೆ. ಸ್ಟ್ರಾವಾ ಅನ್ನುವ ಓಟದ ಆ್ಯಪ್ 2017ರ ಕೊನೆಯಲ್ಲಿ ಜನ ಓಡಿದ ದಾರಿಗಳನ್ನೆಲ್ಲ ಸೇರಿಸಿ ಜಗತ್ತಿನ ನಕಾಶೆಯೊಂದನ್ನು ಬಿಟ್ಟಿತು. ಹೆಸರು ಯಾರದ್ದೂ ಇರಲಿಲ್ಲ. 2018ರ ಜನವರಿಯಲ್ಲಿ ಗಮನಿಸಿದರೆ, ಮರುಭೂಮಿಯ ಕತ್ತಲೆಯ ನಡುವೆ ಸೇನಾನೆಲೆಗಳ ಆಕಾರ ಬೆಳಗುತ್ತಿತ್ತು, ಸೈನಿಕರು ದಿನಾ ಸುತ್ತು ಹಾಕಿದ್ದರಿಂದ. ಹೆಸರು ತೆಗೆದುಬಿಟ್ಟೆ, ಇನ್ನು ತೊಂದರೆಯಿಲ್ಲ ಅನ್ನುವ ವೈದ್ಯರು, ವಕೀಲರು ಇದನ್ನು ನೆನಪಿಡಬೇಕು. ವಯಸ್ಸು, ಅಪರೂಪದ ಕಾಯಿಲೆ, ಬಂದ ದಿನ, ಇಷ್ಟು ಬರೆದರೆ ರೋಗಿಯ ಪಕ್ಕದ ಮನೆಯವರಿಗೆ ಹೆಸರೇ ಬೇಡ. ಅನುಮತಿ ಕೇಳಿ, ಇಲ್ಲವಾದರೆ ಬರೆಯಬೇಡಿ.

ಇನ್ನೊಂದು ಗಂಡಾಂತರಕ್ಕೆ ಡಾನಾ ಬಾಯ್ಡ್, ಆಲಿಸ್ ಮಾರ್ವಿಕ್ ಮುಂತಾದ ಸಂಶೋಧಕರು ಕೊಟ್ಟ ಹೆಸರಿನ ಅರ್ಥ ಹೆಚ್ಚುಕಡಿಮೆ "ಸಂದರ್ಭಗಳ ಕುಸಿತ" ಅಂತ. ಮನೆಯಲ್ಲಿ ಒಂದು ದನಿ, ಆಫೀಸಿನಲ್ಲಿ ಒಂದು, ಗೆಳೆಯರ ನಡುವೆ ಇನ್ನೊಂದು. ಇಲ್ಲಿ ನಡುವಿನ ಗೋಡೆಗಳೆಲ್ಲ ಬಿದ್ದು ಮೂರೂ ಗುಂಪು ಒಂದೇ ಕೋಣೆಯಲ್ಲಿ ನಿಂತಿರುತ್ತವೆ. 2013ರ ಡಿಸೆಂಬರಿನಲ್ಲಿ ಕಂಪನಿಯೊಂದರ ಪ್ರಚಾರ ವಿಭಾಗದ ಉದ್ಯೋಗಿಯೊಬ್ಬರು ವಿಮಾನ ಹತ್ತುವ ಮೊದಲು ಒಂದು ಕೆಟ್ಟ ಜೋಕ್ ಟ್ವೀಟ್ ಮಾಡಿದರು. ಅವರಿಗಿದ್ದ ಫಾಲೋವರ್‌ಗಳು 170 ಜನ. 11 ಗಂಟೆಯ ಪ್ರಯಾಣ ಮುಗಿಸಿ ಇಳಿಯುವಷ್ಟರಲ್ಲಿ ಜಗತ್ತೇ ಅವರನ್ನು ಬೈಯುತ್ತಿತ್ತು, ಕೆಲಸವೂ ಹೋಯಿತು. ಜೋಕನ್ನು ನಾನು ಸಮರ್ಥಿಸುವುದಿಲ್ಲ. 170 ಅನ್ನುವ ಅಂಕಿ ಮಾತ್ರ ನನ್ನ ತಲೆಯಿಂದ ಹೋಗಿಲ್ಲ. ನನ್ನನ್ನು ಓದುವವರು ನಾಲ್ಕು ಜನ ಅನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇನ್ನು, ಬರೆದದ್ದನ್ನು ಎಲ್ಲಿ ಇಡಬೇಕು? ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲ್ 2ಕ್ಕೆ. ಅದೇ 2019ರಲ್ಲಿ ಮೈಸ್ಪೇಸ್, ಸರ್ವರ್ ಬದಲಿಸುವಾಗ ಹನ್ನೆರಡು ವರ್ಷ ಜನ ಹಾಕಿದ ಹಾಡುಗಳು ಹೋಗಿಬಿಟ್ಟವು ಅಂತ ಒಪ್ಪಿಕೊಂಡಿತು. ಟ್ವಿಟರ್ ಇದೆ, ಆದರೆ 2023ರಿಂದ ಅದರ ಹೆಸರೂ ಅದಲ್ಲ. ಇವೆಲ್ಲ ಬಾಡಿಗೆ ಮನೆಗಳು, ಮಾಲೀಕರು ಯಾವಾಗ ಬೇಕಾದರೂ ಖಾಲಿ ಮಾಡಿಸಬಹುದು. ಹಾಗಾಗಿ ಸ್ವಂತ ಡೊಮೇನಿನಲ್ಲಿ, ಅಂದರೆ ನಿಮ್ಮದೇ ವೆಬ್ ವಿಳಾಸದಲ್ಲಿ, ನಾಲ್ಕು ಪುಟದ ವೆಬ್‌ಸೈಟಾದರೂ ಇರಲಿ. ಮೊದಲು ಅಲ್ಲಿ ಬರೆದು ಆಮೇಲೆ ಬೇರೆ ಕಡೆ ಹಂಚಿ. ವರ್ಷಕ್ಕೊಮ್ಮೆ ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮ ಡೇಟಾ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಎರಡು ಹಂತದ ಲಾಗಿನ್ ಹಾಕಿಕೊಳ್ಳಿ. ಲಿಂಕ್ಡ್‌ಇನ್‌ನಿಂದಲೇ 2012ರಲ್ಲಿ ಪಾಸ್‌ವರ್ಡ್‌ಗಳು ಕಳವಾಗಿದ್ದವು, ಕಳವು ಎಷ್ಟು ದೊಡ್ಡದು ಅನ್ನುವುದು ಹೊರಬರಲು 2016 ಆಗಬೇಕಾಯಿತು.

ಸಮಯ ಎಲ್ಲಿಂದ ಬರಬೇಕು ಅಂತ ಹಲವರ ಮುಖದಲ್ಲೇ ಬರೆದಿದೆ. ದಿನಾ ಪೋಸ್ಟ್ ಮಾಡಬೇಕು ಅನ್ನುವುದು ಪ್ಲಾಟ್‌ಫಾರ್ಮಿನ ಹೊಟ್ಟೆಪಾಡು, ನಮ್ಮದಲ್ಲ. ನಾನು ತಿಂಗಳಿಗೆ ಎರಡು ಬರೆಯುತ್ತೇನೆ. ಉಳಿದ ದಿನ ಬೇರೆಯವರ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಜನ ವೆಬ್‌ಸೈಟುಗಳನ್ನು ಹೇಗೆ ಬಳಸುತ್ತಾರೆ ಅಂತ ಅಧ್ಯಯನ ಮಾಡುವ ಜಾಕೋಬ್ ನೀಲ್ಸನ್ 2006ರಲ್ಲಿ ಹೇಳಿದ್ದ ಅಂದಾಜಿನಂತೆ ಇಂಥ ಕಡೆಗಳಲ್ಲಿ ನೂರರಲ್ಲಿ ತೊಂಬತ್ತು ಜನ ಬರೀ ಓದುತ್ತಾರೆ, ಒಂಬತ್ತು ಜನ ಆಗಾಗ ಬಾಯಿ ಬಿಡುತ್ತಾರೆ, ಬಹುಪಾಲನ್ನು ಒಬ್ಬರೇ ಬರೆಯುತ್ತಾರೆ. ಆ ಒಬ್ಬರಾಗುವುದು ಕಷ್ಟ. ಒಂಬತ್ತರಲ್ಲಿ ಸೇರಲು "ತುಂಬಾ ಚೆನ್ನಾಗಿದೆ ಸರ್" ಬಿಟ್ಟು ಬೇರೆ ಏನಾದರೂ ಬರೆದರೆ ಸಾಕು.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಒಬ್ಬರು, ಎಐ ಕೈಲಿ ಬರೆಸಿದರೆ ಆಗುವುದಿಲ್ಲವಾ ಅಂದರು. ವ್ಯಾಕರಣ ತಿದ್ದಿಸಿಕೊಳ್ಳಿ, ಆದರೆ ಬೇರಿಂಗ್ ಕತ್ತರಿಸಿದವರು ನೀವು, ಪಟ್ಟೆ ಕಂಡದ್ದು ನಿಮ್ಮ ಕಣ್ಣಿಗೆ ಅಂದೆ. ಇನ್ನೊಬ್ಬರು, ಬಾಸ್ ನೋಡಿದರೆ ಕೆಲಸ ಹುಡುಕುತ್ತಿದ್ದಾನೆ ಅಂದುಕೊಳ್ಳುತ್ತಾರೆ ಅಂದರು. ಅದು ನಿಜ, ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಕಂಪನಿಯ ನಿಯಮ ಏನಿದೆ ಅಂತ ಮೊದಲು ಓದಿ, ಆಮೇಲೆ ಅವರಿಗೇ ತಿಳಿಸಿ ಶುರು ಮಾಡಿ ಅಂದೆ. ನನ್ನ ಈಗಿನ ಮ್ಯಾನೇಜರ್ ನಾನು ಪೋಸ್ಟ್ ಮಾಡುವ ಮೊದಲು ತಾವೇ ಒಮ್ಮೆ ಓದಿ, ಕಾಗುಣಿತದ ತಪ್ಪು ಹುಡುಕುತ್ತಾರೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೈ ಎತ್ತಿ, "ಸರ್, ಆ ಇಂಜಿನಿಯರ್ ಮೋಟಾರು ಏನಾಯಿತು?" ಅಂತ ಕೇಳಿದಳು.

ಅವರು ನಾನು ಹೇಳಿದ ಉಂಗುರ ತರಿಸಿ ಹಾಕಿದ್ದರು. ತಿಂಗಳು ಕಳೆದು ಮತ್ತೆ ಮೆಸೇಜ್: "ಸರ್, ಶಬ್ದ ಮತ್ತೆ ಶುರುವಾಗಿದೆ." ಫೋಟೋ ಕಳಿಸಿ ಅಂದೆ. ಉಂಗುರ ನೆಟ್ಟಗೆ ಕೂತಿತ್ತು, ಆದರೆ ಅದರ ಎಳೆಗಳು ಮುಟ್ಟುವ ಕಡೆ ಶಾಫ್ಟು ಕಡುಬೂದಿ ಬಣ್ಣದಲ್ಲಿತ್ತು. ಬಣ್ಣದ ಮೂಲಕ ವಿದ್ಯುತ್ ಹಾಯುವುದಿಲ್ಲ. ಬಣ್ಣ ಕೆರೆದಿದ್ದೀರಾ ಅಂತ ಕೇಳಿದೆ. ಅರ್ಧ ಗಂಟೆ ಉತ್ತರವಿಲ್ಲ. ಆಮೇಲೆ ಇನ್ನೊಂದು ಫೋಟೋ ಬಂತು, ಒಂದು ಎಮರಿ ಪೇಪರ್, ಪಕ್ಕದಲ್ಲಿ ಫಳಫಳ ಹೊಳೆಯುವ ಶಾಫ್ಟು. ಬಣ್ಣ ಕೆರೆಯಬೇಕು ಅನ್ನುವ ಸಾಲು ನನ್ನ ಬರಹದಲ್ಲಿ ಇರಲೇ ಇಲ್ಲ. ಅವತ್ತು ರಾತ್ರಿಯೇ ಸೇರಿಸಿದೆ.